ಕಡಿಮೆ ಬೆಲೆಯ ಕನ್ಸೋಲ್: ಕತ್ತರಿ ಬಿದ್ದದ್ದು ಎಲ್ಲಿಗೆ?

ಯಾವುದೇ ಯಂತ್ರ ಹಳೆಯದಾದಷ್ಟೂ ಅದರ ಬೆಲೆ ಇಳಿಯಬೇಕು. ಟಿವಿ, ಮೊಬೈಲ್ ಕೊಂಡು ಅಭ್ಯಾಸವಾದ ಎಲ್ಲರ ಲೆಕ್ಕವೂ ಇದೇ. ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ವಿಷಯದಲ್ಲಿ ಮಾತ್ರ 2025ರಲ್ಲಿ ಈ ಲೆಕ್ಕ ತಲೆಕೆಳಗಾಯಿತು. ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಸ್ 2020ರ ನವೆಂಬರ್‌ನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 300 ಡಾಲರ್. 2025ರ ಮೇ ತಿಂಗಳಲ್ಲಿ ಅದು 380 ಡಾಲರ್ ಆಯಿತು. ಅಕ್ಟೋಬರ್‌ನಲ್ಲಿ ಮತ್ತೆ ಏರಿ 400 ಡಾಲರ್‌ಗೆ ನಿಂತಿತು. ಅದೇ ಯಂತ್ರ, ಅದೇ ಚಿಪ್. ಐದು ವರ್ಷ ಹಳೆಯದಾದ ಮೇಲೆ ಬೆಲೆ ಮೂರನೇ ಒಂದು ಪಾಲು ಜಾಸ್ತಿ.

ಈ ಸುದ್ದಿ ನಮ್ಮ ಕಡೆಯೂ ಗೊಂದಲ ಹುಟ್ಟಿಸಿದೆ. ಮೈಸೂರಿನ ದೇವರಾಜ ಅರಸ್ ರಸ್ತೆಯಲ್ಲೋ ಮಂಡ್ಯದ ವಿ.ವಿ. ರಸ್ತೆಯಲ್ಲೋ ಅಂಗಡಿ ಮುಂದೆ ನಿಂತು ವಿಚಾರಿಸುವವರ ಪ್ರಶ್ನೆ ಒಂದೇ: ಚಿಕ್ಕದು ತಗೊಂಡ್ರೆ ಸಾಕಾಗುತ್ತಾ, ಇಲ್ಲ ದುಡ್ಡು ದಂಡವಾ? ಎಲ್ಲರೂ ಕಾಯುತ್ತಿರುವ ಜಿಟಿಎ 6 ಆಟ ಇದರಲ್ಲಿ ಓಡುತ್ತಾ? ಆಟ ಮಾಡುವ ಕಂಪನಿಗಳೇ ಈ ಯಂತ್ರವನ್ನು ಬೈಯುತ್ತಿರುವಾಗ ಇದನ್ನು ನಂಬಬಹುದಾ?

ಇದಕ್ಕೆ ಉತ್ತರ ಬೇಕಾದರೆ, ಬೆಲೆ ಇಳಿಸುವುದಕ್ಕಾಗಿ ಕಂಪನಿ ಎಲ್ಲೆಲ್ಲಿ ಕತ್ತರಿ ಹಾಕಿದೆ ಎಂದು ಒಂದೊಂದಾಗಿ ನೋಡಬೇಕು. ಕೆಲವು ಕಡೆ ಹಾಕಿದ ಕತ್ತರಿ ನಮಗೆ ಗೊತ್ತೇ ಆಗುವುದಿಲ್ಲ. ಕೆಲವು ಕಡೆ ಹಾಕಿದ್ದು ಇವತ್ತಿಗೂ ನೋವು ಕೊಡುತ್ತಿದೆ.

ಎರಡು ಪೆಟ್ಟಿಗೆ, ಒಂದೇ ಆಟ

ಮೈಕ್ರೋಸಾಫ್ಟ್ 2020ರ ನವೆಂಬರ್ 10ರಂದು ಒಟ್ಟಿಗೆ ಎರಡು ಕನ್ಸೋಲ್ ಬಿಟ್ಟಿತು. ದೊಡ್ಡದು ಸೀರೀಸ್ ಎಕ್ಸ್, 500 ಡಾಲರ್. ಚಿಕ್ಕದು ಸೀರೀಸ್ ಎಸ್, 300 ಡಾಲರ್. ಭಾರತದಲ್ಲಿ ಇವುಗಳ ಬೆಲೆ 49,990 ಮತ್ತು 34,990 ರೂಪಾಯಿ ಇತ್ತು.

ಎರಡರಲ್ಲೂ ಲೆಕ್ಕ ಮಾಡುವ ಮುಖ್ಯ ಪ್ರೊಸೆಸರ್ ಹೆಚ್ಚುಕಡಿಮೆ ಒಂದೇ. ಎಂಟು ಕೋರ್, ವೇಗದಲ್ಲಿ ತುಸು ವ್ಯತ್ಯಾಸ ಅಷ್ಟೇ. ಚಿತ್ರ ಬಿಡಿಸುವ ಗ್ರಾಫಿಕ್ಸ್ ಭಾಗದಲ್ಲಿ ಮಾತ್ರ ದೊಡ್ಡ ಅಂತರ. ಅದರ ಶಕ್ತಿಯನ್ನು ಅಳೆಯುವುದು ಟೆರಾಫ್ಲಾಪ್ ಲೆಕ್ಕದಲ್ಲಿ. ಎಕ್ಸ್‌ನಲ್ಲಿ 12 ಟೆರಾಫ್ಲಾಪ್, ಎಸ್‌ನಲ್ಲಿ 4. ಅಂದರೆ ಮೂರರಲ್ಲಿ ಒಂದು ಪಾಲು. ಆಟ ಓಡುವಾಗ ಬಳಕೆಯಾಗುವ ಮೆಮೊರಿ (ರ್‍ಯಾಮ್) ಎಕ್ಸ್‌ನಲ್ಲಿ 16 ಜಿಬಿ, ಎಸ್‌ನಲ್ಲಿ 10 ಜಿಬಿ. ಆಟ ತುಂಬಿಡುವ ಜಾಗ 1 ಟಿಬಿಯ ಬದಲು 512 ಜಿಬಿ. ಅದರಲ್ಲೂ ಸಿಸ್ಟಂ ತನ್ನ ಪಾಲು ತೆಗೆದುಕೊಂಡ ಮೇಲೆ ಕೈಗೆ ಸಿಗುವುದು ಸುಮಾರು 364 ಜಿಬಿ. ಡಿಸ್ಕ್ ಹಾಕುವ ಜಾಗವಂತೂ ಇಲ್ಲವೇ ಇಲ್ಲ.

ಇದರ ಜೊತೆಗೆ ಒಂದು ಷರತ್ತೂ ಇತ್ತು. ಎಕ್ಸ್‌ಗೆ ಬರುವ ಆಟ ಎಸ್‌ಗೂ ಬರಬೇಕು. ಚಿತ್ರದ ಸ್ಪಷ್ಟತೆ ಕಡಿಮೆಯಾದರೆ ಪರವಾಗಿಲ್ಲ, ಆಟದ ಸೌಲಭ್ಯಗಳು ಕಡಿಮೆ ಆಗಬಾರದು. ಕೊಳ್ಳುವವರಿಗೆ ಇದು ಒಳ್ಳೆಯ ಭರವಸೆ. ಮುಂದೆ ಜಗಳ ಶುರುವಾದದ್ದೂ ಈ ಷರತ್ತಿನಿಂದಲೇ.

ಚಿಕ್ಕ ಮಾಡೆಲ್ ಬೇಕಾದದ್ದೇಕೆ?

ಹಿಂದೆಲ್ಲ ಅಗ್ಗದ ಮಾಡೆಲ್ ಅಂತ ಬೇರೆ ಮಾಡಬೇಕಾಗಿರಲಿಲ್ಲ. ಕಾಲವೇ ಆ ಕೆಲಸ ಮಾಡುತ್ತಿತ್ತು. ಸೋನಿಯ ಪ್ಲೇಸ್ಟೇಷನ್ 2 ಕನ್ಸೋಲ್ ಅಮೆರಿಕದಲ್ಲಿ 2000ದಲ್ಲಿ 299 ಡಾಲರ್‌ಗೆ ಬಂತು. 2002ರಲ್ಲಿ 199, 2004ರಲ್ಲಿ 149, 2006ರಲ್ಲಿ 129, ಕೊನೆಗೆ 2009ರಲ್ಲಿ 99 ಡಾಲರ್. ದುಡ್ಡಿದ್ದವರು ಮೊದಲ ವರ್ಷ ಕೊಂಡರು. ಉಳಿದವರು ಸ್ವಲ್ಪ ಕಾದು ಅದೇ ಯಂತ್ರವನ್ನು ಅರ್ಧ ಬೆಲೆಗೆ ಕೊಂಡರು. ಆಡಿದ್ದು ಮಾತ್ರ ಅದೇ ಆಟ.

ಹಾಗೆ ಆಗಲು ಕಾರಣ ಚಿಪ್ ತಯಾರಿಕೆ. ಚಿಪ್‌ಗಳನ್ನು ಸಿಲಿಕಾನ್‌ನ ದುಂಡು ಬಿಲ್ಲೆಯ ಮೇಲೆ ಸಾಲಾಗಿ ಅಚ್ಚು ಹಾಕಿ ಆಮೇಲೆ ಕತ್ತರಿಸುತ್ತಾರೆ. ತಂತ್ರಜ್ಞಾನ ಮುಂದುವರಿದಂತೆ ಅದೇ ಚಿಪ್ಪನ್ನು ಇನ್ನಷ್ಟು ಚಿಕ್ಕದಾಗಿ ಮಾಡಬಹುದಿತ್ತು. ಒಂದು ಬಿಲ್ಲೆಯಲ್ಲಿ ಹೆಚ್ಚು ಚಿಪ್ ಬಂದರೆ ಒಂದೊಂದರ ಖರ್ಚು ಇಳಿಯುತ್ತದೆ. ಈಗಲೂ ಚಿಪ್ ಚಿಕ್ಕದಾಗುತ್ತಿದೆ. ಆದರೆ ಹೊಸ ವಿಧಾನದ ಬಿಲ್ಲೆಯೇ ಎಷ್ಟು ದುಬಾರಿ ಅಂದರೆ ಉಳಿತಾಯವೆಲ್ಲ ಅಲ್ಲಿಗೇ ಹೋಗುತ್ತದೆ.

ಹೀಗಾಗಿ ಕಾಯುವವರಿಗೂ ಬೆಲೆ ಇಳಿಯುವುದಿಲ್ಲ ಎಂದಾದರೆ, ಅಗ್ಗದ ಯಂತ್ರವನ್ನು ಮೊದಲ ದಿನವೇ ಬೇರೆಯಾಗಿ ಮಾಡಬೇಕು. ಸೀರೀಸ್ ಎಸ್ ಹಿಂದಿನ ಯೋಚನೆ ಇದೇ. ಎಕ್ಸ್‌ನ ಚಿಪ್ 360 ಚದರ ಮಿಲಿಮೀಟರ್, ಎಸ್‌ನದು 197. ಹತ್ತಿರ ಹತ್ತಿರ ಅರ್ಧ. ಯೋಚನೆ ಸರಿಯಾಗಿಯೇ ಇತ್ತು. ಆಮೇಲೆ ನಡೆದದ್ದನ್ನು ನೋಡಿದರೆ ಅದು ಇನ್ನೂ ಗಟ್ಟಿಯಾಗುತ್ತದೆ. 2025ರಲ್ಲಿ ಎಕ್ಸ್‌ನ ಬೆಲೆ ಅಮೆರಿಕದಲ್ಲಿ 650 ಡಾಲರ್ ಮುಟ್ಟಿತು, ಪ್ಲೇಸ್ಟೇಷನ್ 5 ಆಗಸ್ಟ್‌ನಲ್ಲಿ 550ಕ್ಕೆ ಏರಿತು. ಒಂದು ಚಿಕ್ಕ ಮಾಡೆಲ್ ಇಲ್ಲದಿದ್ದರೆ ಈ ಪೀಳಿಗೆಯ ಬಾಗಿಲು ಎಷ್ಟೋ ಜನರಿಗೆ ತೆರೆಯುತ್ತಲೇ ಇರಲಿಲ್ಲ.

ಚುಕ್ಕಿ ಕಡಿಮೆಯಾದರೆ ನಷ್ಟ ಎಷ್ಟು?

ಮೂರನೇ ಒಂದು ಪಾಲು ಗ್ರಾಫಿಕ್ಸ್ ಶಕ್ತಿ ಅಂದಾಗ ಆಟವೂ ಮೂರನೇ ಒಂದು ಪಾಲು ಚೆನ್ನಾಗಿರುತ್ತದೆ ಎಂದು ಅನ್ನಿಸಬಹುದು. ಹಾಗಲ್ಲ. ಪರದೆ ತುಂಬ ಚುಕ್ಕಿಗಳಿವೆ ಅಂದುಕೊಳ್ಳಿ. 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ ಚುಕ್ಕಿ. 1440ಪಿ ಚಿತ್ರದಲ್ಲಿ 37 ಲಕ್ಷ. 1080ಪಿ ಚಿತ್ರದಲ್ಲಿ 21 ಲಕ್ಷಕ್ಕಿಂತ ಸ್ವಲ್ಪ ಕಡಿಮೆ. ಗ್ರಾಫಿಕ್ಸ್ ಚಿಪ್ ಸೆಕೆಂಡಿಗೆ 30 ಸಲವೋ 60 ಸಲವೋ ಈ ಒಂದೊಂದು ಚುಕ್ಕಿಗೂ ಬಣ್ಣ ಕಟ್ಟಬೇಕು. ಚುಕ್ಕಿ ಕಾಲು ಭಾಗಕ್ಕೆ ಇಳಿದರೆ ಕೆಲಸದ ಬಹುಪಾಲೂ ಹಾಗೆಯೇ ಇಳಿಯುತ್ತದೆ.

ಈಗ ಮನೆಯ ಹಾಲ್‌ಗೆ ಬನ್ನಿ. ಕುವೆಂಪುನಗರದ ಒಂದು ಬಾಡಿಗೆ ಮನೆ, ಸೋಫಾದಿಂದ ಟಿವಿಗೆ ಎಂಟು ಅಡಿ ಅಂದುಕೊಳ್ಳೋಣ. ಗೋಡೆಯ ಮೇಲೆ 43 ಇಂಚಿನ ಟಿವಿ. ಅಷ್ಟು ದೂರದಿಂದ 1080ಪಿ ಚಿತ್ರದ ಚುಕ್ಕಿಗಳನ್ನೇ ಸಾಮಾನ್ಯ ಕಣ್ಣು ಬಿಡಿಬಿಡಿಯಾಗಿ ಗುರುತಿಸಲಾರದು. 4ಕೆ ಕೊಟ್ಟರೂ ಹೆಚ್ಚಿನದೇನೂ ಕಾಣುವುದಿಲ್ಲ. 32 ಇಂಚಿನ ಟಿವಿಗಳಲ್ಲಿ ಬಹಳಷ್ಟು ಎಚ್‌ಡಿ ರೆಡಿ ಮಾತ್ರ. ಅವುಗಳ ಪರದೆಯಲ್ಲಿ ಇರುವುದೇ ಸುಮಾರು ಹತ್ತೂವರೆ ಲಕ್ಷ ಚುಕ್ಕಿ. ಅದಕ್ಕೆ 4ಕೆ ಕನ್ಸೋಲ್ ಜೋಡಿಸುವುದು ಅಂದರೆ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕೆಲಸವನ್ನು ಸುಮ್ನೆ ಚೆಲ್ಲಿದ ಹಾಗೆ.

ಹಾಗಾಗಿ ಗ್ರಾಫಿಕ್ಸ್‌ಗೆ ಹಾಕಿದ ಕತ್ತರಿ ನಮ್ಮ ಮನೆಗಳಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ. ಒಂದು ಮಾತು ಮಾತ್ರ ಸೇರಿಸಬೇಕು. 55 ಇಂಚು ದಾಟಿದ ಟಿವಿ ಇದ್ದರೆ, ಅಥವಾ ಹತ್ತಿರ ಕೂತು ಆಡುವ ಅಭ್ಯಾಸ ಇದ್ದರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಇದರಿಂದ ದೊಡ್ಡ ಟಿವಿ ಕೊಳ್ಳುವವರು ಹೆಚ್ಚುತ್ತಾರೆ. ಟಿವಿ ದೊಡ್ಡದಾದಂತೆ ಚಿಕ್ಕ ಕನ್ಸೋಲ್‌ನ ಕೊರತೆಯೂ ಎದ್ದು ಕಾಣತೊಡಗುತ್ತದೆ.

ಚಿತ್ರ ಎಷ್ಟು ಸರಾಗವಾಗಿ ಓಡುತ್ತದೆ ಅನ್ನುವುದು ಇನ್ನೊಂದು ಮಾತು. ಸ್ಟಾರ್‌ಫೀಲ್ಡ್ ಆಟ ಮೊದಲು ಎರಡೂ ಕನ್ಸೋಲ್‌ಗಳಲ್ಲಿ ಸೆಕೆಂಡಿಗೆ 30 ಚಿತ್ರದ ಲೆಕ್ಕದಲ್ಲೇ ಓಡುತ್ತಿತ್ತು. 2024ರ ಮೇ ತಿಂಗಳಲ್ಲಿ ಬಂದ ಅಪ್‌ಡೇಟ್ ಎಕ್ಸ್‌ಗೆ 60ರ ಆಯ್ಕೆ ಕೊಟ್ಟಿತು, ಎಸ್‌ಗೆ ಆಗ ಕೊಡಲಿಲ್ಲ. ಇದು ಎಂಟು ಅಡಿ ದೂರದಿಂದಲೂ ಗೊತ್ತಾಗುವ ವ್ಯತ್ಯಾಸ.

ಒಲೆ ಬೇರೆ, ಕಟ್ಟೆ ಬೇರೆ

ನಿಜವಾದ ತೊಂದರೆ ಮೆಮೊರಿಯದು. ಇದನ್ನು ಅಡುಗೆಮನೆಯ ಲೆಕ್ಕದಲ್ಲಿ ನೋಡಿದರೆ ಬೇಗ ಅರ್ಥವಾಗುತ್ತದೆ.

ಮನೆಯಲ್ಲಿ ಹಬ್ಬದೂಟ. ಹದಿನೈದು ಜನ ಬರಬೇಕಿದ್ದದ್ದು ಐದೇ ಜನ ಬರುತ್ತಾರೆ ಎಂದು ಗೊತ್ತಾಯಿತು. ಒಲೆಯ ಕೆಲಸ ತಕ್ಷಣ ಕಡಿಮೆಯಾಗುತ್ತದೆ. ಅಕ್ಕಿ ಕಮ್ಮಿ, ಬೇಳೆ ಕಮ್ಮಿ, ದೊಡ್ಡ ಉರಿ ಬೇಡ. ಆದರೆ ಮಾಡುವ ಅಡುಗೆಯ ಪಟ್ಟಿ ಬದಲಾಗುವುದಿಲ್ಲ. ಅನ್ನ, ಸಾರು, ಎರಡು ಪಲ್ಯ, ಕೋಸಂಬರಿ, ಚಿತ್ರಾನ್ನ, ಪಾಯಸ, ಒಬ್ಬಟ್ಟು ಎಲ್ಲವೂ ಬೇಕೇ ಬೇಕು. ಪಾತ್ರೆ ಚಿಕ್ಕದಾದರೂ ಒಂದೊಂದಕ್ಕೂ ಕಟ್ಟೆಯ ಮೇಲೆ ಜಾಗ ಬೇಕು. ಒಬ್ಬಟ್ಟು ತಟ್ಟುವ ಮಣೆ ಐದು ಜನಕ್ಕೂ ಅಷ್ಟೇ ಜಾಗ ಹಿಡಿಯುತ್ತದೆ, ಹದಿನೈದು ಜನಕ್ಕೂ ಅಷ್ಟೇ.

ಇಲ್ಲಿ ಬಂದ ಜನ ಅಂದರೆ ಪರದೆಯ ಚುಕ್ಕಿಗಳು. ಒಲೆ ಅಂದರೆ ಗ್ರಾಫಿಕ್ಸ್ ಶಕ್ತಿ. ಕಟ್ಟೆ ಅಂದರೆ ಮೆಮೊರಿ. ಚುಕ್ಕಿ ಕಡಿಮೆಯಾದಾಗ ಚಿತ್ರಗಳಿಗೆ ಬೇಕಾದ ಜಾಗವೂ ತುಸು ಕಡಿಮೆಯಾಗುತ್ತದೆ, ನಿಜ. ಆದರೆ ಆಟದ ಒಳಗಿನ ಊರು, ಅಲ್ಲಿ ಓಡಾಡುವ ಜನ, ಯಾರು ಎಲ್ಲಿದ್ದಾರೆ, ಯಾವ ಬಾಗಿಲು ತೆರೆದಿದೆ, ಯಾವ ಗೋಡೆ ಬಿದ್ದಿದೆ ಅನ್ನುವ ಲೆಕ್ಕ, ಧ್ವನಿ, ನಡೆಯುವ ಭಂಗಿಗಳು ಇವೆಲ್ಲ ಟಿವಿ ಯಾವುದೇ ಇರಲಿ ಅಷ್ಟೇ ಜಾಗ ಕೇಳುತ್ತವೆ.

ಎಸ್‌ನಲ್ಲಿ ಇರುವ 10 ಜಿಬಿಯಲ್ಲೂ ವೇಗವಾಗಿ ಕೆಲಸ ಮಾಡುವುದು 8 ಜಿಬಿ. ಉಳಿದ 2 ಜಿಬಿ ತೀರಾ ನಿಧಾನ, ಅದು ಹೆಚ್ಚಾಗಿ ಸಿಸ್ಟಂಗೇ ಮೀಸಲು. ಎಕ್ಸ್‌ನಲ್ಲಿ ಆಟಕ್ಕೆ ಸಿಗುವುದು ಹದಿಮೂರೂವರೆ ಜಿಬಿ. ಅಂದರೆ ಒಲೆಯನ್ನು ಮೂರನೇ ಒಂದು ಪಾಲು ಮಾಡಿದ್ದು ಲೆಕ್ಕ ಹಾಕಿ ಮಾಡಿದ ಕೆಲಸ. ಕಟ್ಟೆಯನ್ನು ಇಷ್ಟು ಮೊಟಕು ಮಾಡಿದ್ದು ತಪ್ಪು. ಈ ಯಂತ್ರದ ಮೇಲೆ ಬಂದ ದೊಡ್ಡ ದೂರುಗಳನ್ನು ಒಂದೊಂದಾಗಿ ನೋಡಿದರೆ ಎಲ್ಲ ದಾರಿಗಳೂ ಇಲ್ಲಿಗೇ ಬರುತ್ತವೆ. ಮೈಕ್ರೋಸಾಫ್ಟ್‌ಗೂ ಇದರ ಅರಿವಿತ್ತು. 2022ರಲ್ಲಿ ಆಟ ತಯಾರಕರ ಸಲಕರಣೆಗಳನ್ನು ಪರಿಷ್ಕರಿಸಿ ಎಸ್‌ನಲ್ಲಿ ಇನ್ನೂ ಕೆಲವು ನೂರು ಎಂಬಿ ಬಿಡಿಸಿಕೊಟ್ಟಿತು. ಕಟ್ಟೆಯ ಮೂಲೆಯಲ್ಲಿದ್ದ ಡಬ್ಬಿ ಎತ್ತಿಟ್ಟು ಒಂದು ತಟ್ಟೆಗೆ ಜಾಗ ಮಾಡಿದ ಹಾಗೆ.

ಎರಡು ಆಟಗಳು ಹೇಳುವುದೇನು?

ಬಾಲ್ಡರ್ಸ್ ಗೇಟ್ 3 ಆಟವನ್ನು ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ ಮಾಡಿದ್ದು. 2023ರ ಆಗಸ್ಟ್‌ನಲ್ಲಿ ಕಂಪ್ಯೂಟರ್‌ಗೆ, ಸೆಪ್ಟೆಂಬರ್‌ನಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂತು. ಎಕ್ಸ್‌ಬಾಕ್ಸ್‌ಗೆ ಬರಲಿಲ್ಲ. ಕಾರಣ ಒಂದೇ ಒಂದು ಸೌಲಭ್ಯ. ಒಂದೇ ಟಿವಿಯ ಪರದೆಯನ್ನು ಎರಡು ಭಾಗ ಮಾಡಿ ಇಬ್ಬರು ಪಕ್ಕಪಕ್ಕ ಕೂತು ಆಡುವ ವ್ಯವಸ್ಥೆ.

ಇದು ಯಾಕೆ ಅಷ್ಟು ಕಷ್ಟ? ಇಬ್ಬರೂ ಒಂದೇ ಕಡೆ ಇರಬೇಕು ಅಂತಿಲ್ಲ. ಒಬ್ಬರು ಪೇಟೆಯ ಒಂದು ಮೂಲೆಯಲ್ಲಿ ವ್ಯಾಪಾರಿಯ ಜೊತೆ ಮಾತಾಡುತ್ತಿರುತ್ತಾರೆ, ಇನ್ನೊಬ್ಬರು ದೂರದ ಕಟ್ಟಡದಲ್ಲಿ ಕತ್ತಿ ಹಿಡಿದು ನಿಂತಿರುತ್ತಾರೆ. ಯಂತ್ರ ಎರಡೂ ಜಾಗಗಳನ್ನು, ಎರಡೂ ಕಡೆಯ ಜನರನ್ನು ಒಂದೇ ಸಲ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಒಂದೇ ಕಟ್ಟೆಯ ಮೇಲೆ ಎರಡು ಮನೆಯ ಅಡುಗೆ. ಎಕ್ಸ್‌ನಲ್ಲಿ ಆಗುತ್ತಿತ್ತು, ಎಸ್‌ನಲ್ಲಿ ಆಗಲಿಲ್ಲ. ಎರಡರಲ್ಲೂ ಒಂದೇ ಸೌಲಭ್ಯ ಇರಬೇಕು ಅನ್ನುವ ಷರತ್ತಿನಿಂದಾಗಿ ಎಕ್ಸ್ ಕೊಂಡವರಿಗೂ ಆಟ ಸಿಗಲಿಲ್ಲ.

ಕೊನೆಗೆ 2023ರ ಆಗಸ್ಟ್‌ನಲ್ಲಿ ಲಾರಿಯನ್ ಮುಖ್ಯಸ್ಥ ಸ್ವೆನ್ ವಿಂಕೆ ಎಕ್ಸ್‌ಬಾಕ್ಸ್‌ನ ಫಿಲ್ ಸ್ಪೆನ್ಸರ್ ಜೊತೆ ಮಾತಾಡಿದ ಮೇಲೆ ದಾರಿ ಸಿಕ್ಕಿತು. ಎಸ್‌ನಲ್ಲಿ ಆ ಒಂದು ಸೌಲಭ್ಯ ಬಿಟ್ಟು ಡಿಸೆಂಬರ್‌ನಲ್ಲಿ ಆಟ ಬಂತು. ಬಹಳ ಜನ ಇಲ್ಲಿಗೇ ಕಥೆ ನಿಲ್ಲಿಸುತ್ತಾರೆ. ಮುಂದಿನದು ಇನ್ನೂ ಮುಖ್ಯ. 2025ರ ಏಪ್ರಿಲ್‌ನಲ್ಲಿ ಬಂದ ಎಂಟನೇ ದೊಡ್ಡ ಅಪ್‌ಡೇಟ್‌ನಲ್ಲಿ ಎಸ್‌ಗೂ ಆ ಸೌಲಭ್ಯ ಬಂದೇಬಿಟ್ಟಿತು. ಆಗುವುದೇ ಇಲ್ಲ ಅಂದುಕೊಂಡಿದ್ದು ಆಯಿತು. ಅದಕ್ಕೆ ತಗುಲಿದ್ದು ಒಂದು ವರ್ಷ ನಾಲ್ಕು ತಿಂಗಳು.

ಎರಡನೆಯದು ಚೀನಾದ ಗೇಮ್ ಸೈನ್ಸ್ ಮಾಡಿದ ಬ್ಲ್ಯಾಕ್ ಮಿಥ್: ವುಕಾಂಗ್. 2024ರ ಆಗಸ್ಟ್ 20ರಂದು ಕಂಪ್ಯೂಟರ್ ಮತ್ತು ಪ್ಲೇಸ್ಟೇಷನ್‌ಗೆ ಬಂತು. ಎಕ್ಸ್‌ಬಾಕ್ಸ್‌ಗೆ ಬಂದದ್ದು ಸರಿಯಾಗಿ ಒಂದು ವರ್ಷದ ನಂತರ, 2025ರ ಆಗಸ್ಟ್ 20ಕ್ಕೆ. ನಡುವೆ ಕಂಪನಿಯ ಮುಖ್ಯಸ್ಥ ಫೆಂಗ್ ಜಿ ನೇರವಾಗಿ ಎಸ್‌ನ 10 ಜಿಬಿ ಮೆಮೊರಿಯ ಕಡೆಗೇ ಬೆರಳು ತೋರಿಸಿದ್ದರು. ಅಷ್ಟು ಮೆಮೊರಿಯಲ್ಲಿ ಆಟವನ್ನು ಹಿಡಿಸಲು ವರ್ಷಗಳ ಅನುಭವ ಬೇಕು ಅನ್ನುವುದು ಅವರ ಮಾತಿನ ಸಾರ.

ದೂರಿನಲ್ಲಿ ಎಷ್ಟು ನಿಜ?

ಆಟ ಮಾಡುವವರ ವಾದ ಹೀಗಿದೆ. ಅತಿ ಕಡಿಮೆ ಶಕ್ತಿಯ ಯಂತ್ರವೇ ಎಲ್ಲರಿಗೂ ಮಿತಿ ಹಾಕುತ್ತದೆ. ಅದಕ್ಕೆ ಹೊಂದಿಸಲು ತಿಂಗಳುಗಟ್ಟಲೆ ಕೆಲಸ. ಆ ಸಮಯದಲ್ಲಿ ಆಟವನ್ನೇ ಇನ್ನಷ್ಟು ದೊಡ್ಡದು ಮಾಡಬಹುದಿತ್ತು.

ಇದಕ್ಕೆ ಹಳೆಯ ಉದಾಹರಣೆಯೂ ಇದೆ. 2005ರಲ್ಲಿ ಎಕ್ಸ್‌ಬಾಕ್ಸ್ 360 ಎರಡು ಬಗೆಯಲ್ಲಿ ಬಂತು. 400 ಡಾಲರ್‌ನದಕ್ಕೆ ಹಾರ್ಡ್ ಡಿಸ್ಕ್ ಇತ್ತು, 300 ಡಾಲರ್‌ನದಕ್ಕೆ ಇರಲಿಲ್ಲ. ಇದರಿಂದ ಬಹುಪಾಲು ಆಟಗಳನ್ನು ಹಾರ್ಡ್ ಡಿಸ್ಕ್ ಇಲ್ಲ ಎಂದೇ ಭಾವಿಸಿ ಮಾಡಬೇಕಾಯಿತು. 100 ಡಾಲರ್ ಜಾಸ್ತಿ ಕೊಟ್ಟವರ ಹಾರ್ಡ್ ಡಿಸ್ಕ್ ಅಷ್ಟರ ಮಟ್ಟಿಗೆ ಅರ್ಧ ಉಪಯೋಗವಾಯಿತು, ಅರ್ಧ ಸುಮ್ಮನೆ ಕೂತಿತು.

ಆದರೆ ಈ ವಾದವನ್ನು ಪೂರ್ತಿ ಒಪ್ಪಲಾಗುವುದಿಲ್ಲ. ಇವತ್ತಿನ ದೊಡ್ಡ ಆಟಗಳು ಕನ್ಸೋಲ್‌ಗೆ ಮಾತ್ರ ಬರುವುದಿಲ್ಲ. 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಇರುವ ಸಾಮಾನ್ಯ ಕಂಪ್ಯೂಟರ್‌ಗಳಿಗೂ ಬರಬೇಕು. ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್‌ಗೆ ಬರಬೇಕು. ಅದರ ಗ್ರಾಫಿಕ್ಸ್ ಶಕ್ತಿ 1.6 ಟೆರಾಫ್ಲಾಪ್ ಮಾತ್ರ, ಸೀರೀಸ್ ಎಸ್‌ನ ಅರ್ಧವೂ ಇಲ್ಲ. ಅದೇ ಬಾಲ್ಡರ್ಸ್ ಗೇಟ್ 3ಕ್ಕೆ ಲಾರಿಯನ್ 2025ರ ಸೆಪ್ಟೆಂಬರ್‌ನಲ್ಲಿ ಸ್ಟೀಮ್ ಡೆಕ್‌ಗಾಗಿಯೇ ಬೇರೆ ಆವೃತ್ತಿ ಬಿಟ್ಟಿತು. 2025ರ ಜೂನ್ 5ರಂದು ನಿಂಟೆಂಡೊ ಸ್ವಿಚ್ 2 ಬಂತು. ಅದರ ಮೆಮೊರಿ 12 ಜಿಬಿ, ಎಸ್‌ಗಿಂತ ಎರಡೇ ಜಾಸ್ತಿ. ಅದೇ ದಿನ ಸೈಬರ್‌ಪಂಕ್ 2077 ಅದರಲ್ಲಿ ಓಡಿತು. 2020ರ ಡಿಸೆಂಬರ್‌ನಲ್ಲಿ ಹಳೆಯ ಕನ್ಸೋಲ್‌ಗಳಲ್ಲಿ ತೀರಾ ಕೆಟ್ಟದಾಗಿ ಓಡಿದ್ದಕ್ಕೆ ಸೋನಿ ತನ್ನ ಅಂಗಡಿಯಿಂದಲೇ ತೆಗೆದುಹಾಕಿದ್ದ ಆಟ ಇದು.

ಅಂದರೆ ಚಿಕ್ಕ ಯಂತ್ರಕ್ಕೆ ಹೊಂದಿಸುವ ಕೆಲಸ ವ್ಯರ್ಥವಲ್ಲ. ಒಂದು ಯಂತ್ರಕ್ಕೆ ಪಟ್ಟ ಕಷ್ಟ ಇನ್ನೊಂದಕ್ಕೆ ದಾರಿ ಮಾಡುತ್ತದೆ. ದೊಡ್ಡ ಸ್ಟುಡಿಯೋಗಳಿಗೆ ಇದನ್ನು ಹೊರುವ ಶಕ್ತಿ ಇದೆ. ಮೊದಲ ದೊಡ್ಡ ಆಟ ಮಾಡುತ್ತಿರುವ ತಂಡಗಳಿಗೆ ಇದು ನಿಜಕ್ಕೂ ಭಾರ. ಫೆಂಗ್ ಜಿ ಮಾತಿನಲ್ಲಿ ನ್ಯಾಯ ಇರುವುದು ಅಷ್ಟಕ್ಕೆ.

ನಮಗೆ ಹೆಚ್ಚು ನೋಯುವುದು ಡಿಸ್ಕ್ ಇಲ್ಲದ್ದು

ಅಂತರರಾಷ್ಟ್ರೀಯ ಚರ್ಚೆಯೆಲ್ಲ ಮೆಮೊರಿಯ ಸುತ್ತ ನಡೆಯುತ್ತದೆ. ಮೈಸೂರು, ಮಂಡ್ಯದಂಥ ಊರುಗಳಲ್ಲಿ ಕೊಳ್ಳುವವರಿಗೆ ಅದಕ್ಕಿಂತ ದೊಡ್ಡ ಕತ್ತರಿ ಬಿದ್ದಿರುವುದು ಡಿಸ್ಕ್ ಜಾಗಕ್ಕೆ.

ಹೊಸದಾಗಿ ಬಂದ ದೊಡ್ಡ ಆಟಕ್ಕೆ ಸುಮಾರು 5,000 ರೂಪಾಯಿ. ಡಿಸ್ಕ್ ಆದರೆ ಆಡಿ ಮುಗಿಸಿ ಮಾರಬಹುದು. ನಾಲ್ಕು ಜನ ಗೆಳೆಯರು ಒಬ್ಬೊಬ್ಬರು ಒಂದೊಂದು ಆಟ ಕೊಂಡು ಬದಲಾಯಿಸಿಕೊಂಡರೆ ತಲಾ 5,000ದಲ್ಲಿ ನಾಲ್ಕು ಆಟ ಮುಗಿಯುತ್ತದೆ. ಕಾಲೇಜು ಹುಡುಗರು ಆಟವಾಡುವ ರೀತಿಯೇ ಇದು. ಪುಸ್ತಕ ಕೈ ಬದಲಿಸಿದ ಹಾಗೆ ಡಿಸ್ಕ್ ಕೈ ಬದಲಿಸುತ್ತದೆ. ಡಿಸ್ಕ್ ಇಲ್ಲದ ಯಂತ್ರದಲ್ಲಿ ಇದು ಯಾವುದೂ ಆಗುವುದಿಲ್ಲ. ಕೊಂಡ ಆಟ ಖಾತೆಗೆ ಅಂಟಿಕೊಂಡಿರುತ್ತದೆ. ವರ್ಷಕ್ಕೆ ಮೂರು ಆಟದ ಹಾಗೆ ಕೊಂಡು ಅರ್ಧ ಬೆಲೆಗೆ ಮಾರುವ ಮನೆಯಲ್ಲಿ ಎರಡು ವರ್ಷಕ್ಕೆ 15,000 ರೂಪಾಯಿ ಕೈಗೆ ವಾಪಸ್ ಬರುತ್ತದೆ. ಎಕ್ಸ್‌ಗೂ ಎಸ್‌ಗೂ ಶುರುವಿನಲ್ಲಿ ಇದ್ದ ಬೆಲೆ ವ್ಯತ್ಯಾಸ ಸರಿಯಾಗಿ ಇಷ್ಟೇ, ಅಲ್ವಾ?

ಇದಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಉತ್ತರ ಗೇಮ್ ಪಾಸ್. ತಿಂಗಳಿಗೆ ಇಷ್ಟು ಅಂತ ಕಟ್ಟಿದರೆ ನೂರಾರು ಆಟ. ಅಗ್ಗದ ಯಂತ್ರ, ಅಗ್ಗದ ಚಂದಾ ಎರಡೂ ಸೇರಿದಾಗ ಮಧ್ಯಮ ವರ್ಗದ ಮನೆಗೆ ಇದಕ್ಕಿಂತ ಒಳ್ಳೆಯ ವ್ಯವಹಾರ ಇರಲಿಲ್ಲ. ಆದರೆ 2025ರ ಅಕ್ಟೋಬರ್‌ನಲ್ಲಿ ಚಂದಾ ಬೆಲೆಯೂ ಏರಿತು. ಎಲ್ಲ ಸೌಲಭ್ಯ ಇರುವ ಅಲ್ಟಿಮೇಟ್ ಚಂದಾ ಭಾರತದಲ್ಲಿ ತಿಂಗಳಿಗೆ 829 ರೂಪಾಯಿಯಿಂದ 1,389ಕ್ಕೆ ಹೋಯಿತು. ವರ್ಷಕ್ಕೆ 16,668. ಎರಡು ವರ್ಷ ಕಟ್ಟಿದರೆ ಹತ್ತಿರ ಹತ್ತಿರ ಒಂದು ಸೀರೀಸ್ ಎಸ್‌ನ ಮೊದಲ ಬೆಲೆ. 699 ರೂಪಾಯಿಯ ಪ್ರೀಮಿಯಂ ಚಂದಾ ಇದೆ. ಅದರಲ್ಲಿ ಎಲ್ಲ ಹೊಸ ಆಟ ಬಿಡುಗಡೆಯ ದಿನವೇ ಸಿಗುವುದಿಲ್ಲ. ಕಾದು ಆಡುವವರಿಗೆ ಅದೇ ವಾಸಿ.

ಇನ್ನು ಡೌನ್‌ಲೋಡ್. ದೊಡ್ಡ ಆಟಗಳು 100 ಜಿಬಿ ದಾಟುವುದು ಈಗ ಮಾಮೂಲು. ವಿಜಯನಗರದಲ್ಲೋ ಸರಸ್ವತಿಪುರಂನಲ್ಲೋ 40 ಎಂಬಿಪಿಎಸ್ ಫೈಬರ್ ಇರುವ ಮನೆಯಲ್ಲಿ ಅದಕ್ಕೆ ಐದೂವರೆ ಗಂಟೆ ಸಾಕು. ರಾತ್ರಿ ಹಾಕಿ ಮಲಗಿದರೆ ಬೆಳಗ್ಗೆ ರೆಡಿ. ನಾಗಮಂಗಲದ ಕಡೆಯ ಹಳ್ಳಿಯಲ್ಲಿ ದಿನಕ್ಕೆ 2 ಜಿಬಿ ಮೊಬೈಲ್ ಡೇಟಾ ನೆಚ್ಚಿಕೊಂಡ ಮನೆಯಲ್ಲಿ ಅದಕ್ಕೇ 50 ದಿನ ಬೇಕು. 364 ಜಿಬಿಯಲ್ಲಿ ಮೂರು ಆಟ ತುಂಬಿದ ಮೇಲೆ ನಾಲ್ಕನೆಯದಕ್ಕೆ ಒಂದನ್ನು ಅಳಿಸಬೇಕು, ಮತ್ತೆ ಬೇಕಾದರೆ ಮತ್ತೆ ಇಳಿಸಬೇಕು. ಮಾಮೂಲಿ ಯುಎಸ್‌ಬಿ ಹಾರ್ಡ್ ಡಿಸ್ಕ್‌ಗೆ ಆಟವನ್ನು ಎತ್ತಿಟ್ಟುಕೊಳ್ಳಬಹುದು. ಆದರೆ ಈ ಪೀಳಿಗೆಯ ಆಟ ಅದರಿಂದ ನೇರವಾಗಿ ಓಡುವುದಿಲ್ಲ, ಆಡುವ ಮೊದಲು ಒಳಕ್ಕೆ ನಕಲು ಮಾಡಬೇಕು.

ಬರೀ 5,000 ರೂಪಾಯಿಯ ಅಂತರ

ಅಮೆರಿಕದವರ ವಿಮರ್ಶೆ ಓದಿ ಇಲ್ಲಿ ತೀರ್ಮಾನ ಮಾಡುವವರು ಒಂದು ವಿಷಯ ಮರೆಯುತ್ತಾರೆ. 2020ರಲ್ಲಿ ಅಲ್ಲಿ ಸೀರೀಸ್ ಎಸ್ 300 ಡಾಲರ್, ಡಿಸ್ಕ್ ಇಲ್ಲದ ಪ್ಲೇಸ್ಟೇಷನ್ 5 ಡಿಜಿಟಲ್ 400 ಡಾಲರ್. ಅಂತರ ಮೂರನೇ ಒಂದು ಪಾಲು. 2021ರ ಫೆಬ್ರುವರಿ 2ರಂದು ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಅದೇ ಡಿಜಿಟಲ್ ಮಾಡೆಲ್‌ಗೆ ಇಟ್ಟ ಬೆಲೆ 39,990 ರೂಪಾಯಿ. ಸೀರೀಸ್ ಎಸ್ 34,990. ಅಂತರ 5,000 ಮಾತ್ರ, ಏಳರಲ್ಲಿ ಒಂದು ಪಾಲು. ಪ್ಲೇಸ್ಟೇಷನ್ ಡಿಜಿಟಲ್‌ನಲ್ಲಿ ಡಿಸ್ಕ್ ಮಾತ್ರ ಇರಲಿಲ್ಲ. ಗ್ರಾಫಿಕ್ಸ್‌ನ 10 ಟೆರಾಫ್ಲಾಪ್, 16 ಜಿಬಿ ಮೆಮೊರಿ ಎಲ್ಲ ಪೂರ್ತಿ ಇತ್ತು.

ಅಂದರೆ ಅಗ್ಗದ ಮಾಡೆಲ್‌ನ ನಿಜವಾದ ಬಲ ಅದರ ಬೆಲೆಯ ಅಂತರದಲ್ಲಿದೆ. ಅಮೆರಿಕದಲ್ಲಿ ಅದು ಇತ್ತು. ಇಲ್ಲಿ ಮೊದಲಿಂದಲೂ ತೆಳುವಾಗಿತ್ತು. ಈಗ ಅಲ್ಲೂ ಕಥೆ ಬದಲಾಗಿದೆ. 2025ರ ಕೊನೆಗೆ ಸೀರೀಸ್ ಎಸ್ ಮುಟ್ಟಿದ 400 ಡಾಲರ್, 2020ರಲ್ಲಿ ಪ್ಲೇಸ್ಟೇಷನ್ ಡಿಜಿಟಲ್‌ನ ಬೆಲೆಯಾಗಿತ್ತು. ಅದರ ಐದರಲ್ಲಿ ಎರಡು ಪಾಲು ಗ್ರಾಫಿಕ್ಸ್ ಶಕ್ತಿಗೆ, ಐದು ವರ್ಷದ ನಂತರ, ಅದೇ ಬೆಲೆ. 2025ರ ಜುಲೈನಿಂದ ಸೆಪ್ಟೆಂಬರ್‌ವರೆಗಿನ ಅವಧಿಯಲ್ಲಿ ಎಕ್ಸ್‌ಬಾಕ್ಸ್ ಯಂತ್ರಗಳ ಮಾರಾಟದಿಂದ ಬಂದ ಆದಾಯ ಹಿಂದಿನ ವರ್ಷಕ್ಕಿಂತ ಶೇ 29ರಷ್ಟು ಕುಸಿದಿತ್ತು. ಅಕ್ಟೋಬರ್‌ನ ಏರಿಕೆಗೂ ಮೊದಲಿನ ಲೆಕ್ಕ ಇದು.

ಕರೆಂಟಿನ ಲೆಕ್ಕ

ಚಿಕ್ಕ ಚಿಪ್‌ನಿಂದ ಖಂಡಿತ ಸಿಗುವ ಲಾಭ ಒಂದಿದೆ. ಆಡುವಾಗ ಸೀರೀಸ್ ಎಸ್ ಸುಮಾರು 75 ವ್ಯಾಟ್ ಎಳೆಯುತ್ತದೆ. ಪ್ಲೇಸ್ಟೇಷನ್ 5ರಂಥ ದೊಡ್ಡ ಕನ್ಸೋಲ್ 200 ವ್ಯಾಟ್‌ವರೆಗೆ ಹೋಗುತ್ತದೆ. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ ಎಸ್‌ಗೆ 7 ಯೂನಿಟ್, ದೊಡ್ಡದಕ್ಕೆ 18. ಗೃಹಜ್ಯೋತಿಯಲ್ಲಿರುವ ಮನೆಗಳಿಗೆ ಈ 11 ಯೂನಿಟ್ ಸಣ್ಣದಲ್ಲ. ಅಲ್ಲಿ ಹಳೆಯ ಸರಾಸರಿಯ ಮೇಲೆ ಸ್ವಲ್ಪ ಮಾತ್ರ ಹೆಚ್ಚು ಬಳಸಬಹುದು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಕರೆಂಟು ಹೋದಾಗ ಮನೆಯ ಇನ್ವರ್ಟರ್‌ನಲ್ಲಿ ಟಿವಿ ಜೊತೆಗೆ ಎಸ್ ಓಡಿಸುವುದೂ ಸುಲಭ.

ಮುಂದಿನ ಅಗ್ಗದ ಕನ್ಸೋಲ್ ಹೇಗಿರಬಹುದು?

ಇಲ್ಲಿ ಆತಂಕಕ್ಕೆ ಕಾರಣ ಇದೆ. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಜೋರಾಗಿ ಏರತೊಡಗಿತು. ಎಐ ಡೇಟಾ ಸೆಂಟರ್‌ಗಳು ಕೈಗೆ ಸಿಕ್ಕಷ್ಟು ಮೆಮೊರಿ ಕೊಳ್ಳುತ್ತಿವೆ. ಜಗತ್ತಿಗೆ ಬಹುಪಾಲು ಮೆಮೊರಿ ಪೂರೈಸುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂರೇ ಕಂಪನಿಗಳು. ಮೈಕ್ರಾನ್ ಅಂತೂ 2025ರ ಡಿಸೆಂಬರ್‌ನಲ್ಲಿ, ಸಾಮಾನ್ಯ ಗ್ರಾಹಕರಿಗೆ ಮಾರುವ ಕ್ರೂಶಿಯಲ್ ಬ್ರ್ಯಾಂಡ್ ವ್ಯವಹಾರವನ್ನೇ ಮುಚ್ಚುವುದಾಗಿ ಹೇಳಿತು.

ಸೀರೀಸ್ ಎಸ್‌ನಲ್ಲಿ ತಪ್ಪಾಗಿ ಮೊಟಕು ಮಾಡಿದ ಭಾಗ ಯಾವುದೋ ಅದೇ ಈಗ ಎಲ್ಲಕ್ಕಿಂತ ಬೇಗ ದುಬಾರಿಯಾಗುತ್ತಿದೆ. ಮುಂದಿನ ಪೀಳಿಗೆಗೆ ಅಗ್ಗದ ಮಾಡೆಲ್ ಮಾಡುವ ಯಾವ ಕಂಪನಿಗೂ ಮೊದಲು ಕಣ್ಣಿಗೆ ಬೀಳುವ ಖರ್ಚು ಮೆಮೊರಿಯದೇ. ಮತ್ತೆ ಅಲ್ಲೇ ಕತ್ತರಿ ಹಾಕಿದರೆ ಇದೇ ಜಗಳ ಇನ್ನೊಂದು ಏಳು ವರ್ಷ ನಡೆಯುತ್ತದೆ. ಗ್ರಾಫಿಕ್ಸ್ ಅರ್ಧ ಮಾಡಲಿ, ಪೆಟ್ಟಿಗೆ ಚಿಕ್ಕದು ಮಾಡಲಿ, ಮೆಮೊರಿಯನ್ನು ಮಾತ್ರ ದೊಡ್ಡ ಮಾಡೆಲ್‌ನ ಹತ್ತಿರ ಇಡಲಿ. ಡಿಸ್ಕ್ ಬೇಕಾದವರು ಆಮೇಲೆ ಜೋಡಿಸಿಕೊಳ್ಳುವ ವ್ಯವಸ್ಥೆ ಇರಲಿ. 2023ರ ಕೊನೆಗೆ ಬಂದ ತೆಳು ಪ್ಲೇಸ್ಟೇಷನ್ 5 ಡಿಜಿಟಲ್‌ನಲ್ಲಿ ಸೋನಿ ಇದನ್ನು ಮಾಡಿ ತೋರಿಸಿದೆ. ಡ್ರೈವ್ ಬೇರೆ ಕೊಂಡು ಮನೆಯಲ್ಲೇ ಸಿಕ್ಕಿಸಬಹುದು.

ಯಂತ್ರವೇ ಬೇಡ, ಇಂಟರ್ನೆಟ್‌ನಲ್ಲೇ ಆಡಿ ಅನ್ನುವುದು ಇನ್ನೊಂದು ದಾರಿ. ಎಕ್ಸ್‌ಬಾಕ್ಸ್ ಕ್ಲೌಡ್ ಗೇಮಿಂಗ್ 2025ರ ನವೆಂಬರ್‌ನಲ್ಲಿ ಭಾರತಕ್ಕೂ ಬಂತು. ಒಳ್ಳೆಯ ಫೈಬರ್ ಇರುವ ಮನೆಗೆ ಇದು ಪರವಾಗಿಲ್ಲ. ಹಳ್ಳಿಯ ಮೊಬೈಲ್ ಡೇಟಾಕ್ಕೆ ಇದು ಹೊಂದುವುದಿಲ್ಲ. ಚಂದಾ ನಿಲ್ಲಿಸಿದ ದಿನ ಆಟವೂ ನಿಲ್ಲುತ್ತದೆ.

ಈಗ ಕೊಳ್ಳುವವರು ಏನು ಮಾಡಬೇಕು?

ಜಿಟಿಎ 6 ಬಗ್ಗೆ ಹೇಳುವುದಾದರೆ, ಅದನ್ನು ಮಾಡುತ್ತಿರುವ ರಾಕ್‌ಸ್ಟಾರ್ ಕಂಪನಿ ಪ್ರಕಟಿಸಿದ ಯಂತ್ರಗಳ ಪಟ್ಟಿಯಲ್ಲಿ ಸೀರೀಸ್ ಎಸ್ ಹೆಸರೂ ಇದೆ. 2026ರ ನವೆಂಬರ್ 19 ಎಂದು ದಿನ ಹೇಳಿದೆ. ಚುಕ್ಕಿ ಕಡಿಮೆ ಇರುತ್ತದೆ, ಆಟ ಅದೇ ಇರುತ್ತದೆ. ಅದಕ್ಕಾಗಿ ಈಗ ಹೆದರಿ ದೊಡ್ಡದು ಕೊಳ್ಳಬೇಕಿಲ್ಲ.

ಹೊಸ ಸೀರೀಸ್ ಎಸ್ ಕೊಳ್ಳುವ ಮೊದಲು ಅಂಗಡಿಯಲ್ಲಿ ಅದೇ ದಿನದ ಪ್ಲೇಸ್ಟೇಷನ್ 5 ಡಿಜಿಟಲ್ ಬೆಲೆಯನ್ನೂ ಕೇಳಿ. ಅಂತರ ಐದಾರು ಸಾವಿರದ ಒಳಗಿದ್ದರೆ ಎಸ್ ಕೊಳ್ಳುವುದರಲ್ಲಿ ಅರ್ಥವಿಲ್ಲ. ಹತ್ತು ಹನ್ನೆರಡು ಸಾವಿರ ದಾಟಿದ್ದರೆ, ಮನೆಯಲ್ಲಿ ಫೈಬರ್ ಇದ್ದರೆ, ಟಿವಿ 43 ಇಂಚಿನ ಒಳಗಿದ್ದರೆ ಎಸ್ ಈಗಲೂ ಒಳ್ಳೆಯ ಯಂತ್ರ. ಗೆಳೆಯರ ಜೊತೆ ಡಿಸ್ಕ್ ಬದಲಾಯಿಸಿಕೊಂಡು ಆಡುವವರು ಮಾತ್ರ ಇದರ ಹತ್ತಿರ ಹೋಗುವುದು ಬೇಡ. ಅವರಿಗೆ ಡಿಸ್ಕ್ ಇರುವ ಹಳೆಯ ಯಂತ್ರವೇ ಮೇಲು.

ಸೆಕೆಂಡ್ ಹ್ಯಾಂಡ್ ಎಸ್ ಸಿಕ್ಕರೆ ಅದರ ಕಡೆಗೂ ಒಂದು ನೋಟ ಹಾಕಬಹುದು. ಕೆಡುವ ಡಿಸ್ಕ್ ಡ್ರೈವ್ ಅದರಲ್ಲಿ ಇಲ್ಲ. ಟಿವಿಗೆ ಜೋಡಿಸಿ ಅರ್ಧ ಗಂಟೆ ಓಡಿಸಿ ನೋಡಿ. ಎಚ್‌ಡಿಎಂಐ ಪಿನ್ ಸಡಿಲ ಇದೆಯಾ, ಫ್ಯಾನ್ ಕಿರುಗುಟ್ಟುತ್ತದಾ, ಕಂಟ್ರೋಲರ್‌ನ ಕಡ್ಡಿ ತಾನಾಗಿ ಒಂದು ಕಡೆ ವಾಲುತ್ತದಾ ಗಮನಿಸಿ. ದುಡ್ಡು ಕೊಡುವ ಮುಂಚೆ ಮಾರುವವರ ಖಾತೆಯನ್ನು ನಿಮ್ಮ ಎದುರೇ ತೆಗೆಸಿ, ಯಂತ್ರವನ್ನು ಪೂರ್ತಿ ರೀಸೆಟ್ ಮಾಡಿಸಿ, ನಿಮ್ಮ ಖಾತೆ ಹಾಕಿ ಒಂದು ಆಟ ಇಳಿಯಲು ಶುರುವಾಗುವವರೆಗೂ ಅಲ್ಲೇ ಇರಿ.